ಏಳು ತಲೆಮಾರಿನೊಳಗೆ

ನಡುಮನೆಯಲ್ಲಿ ಕತ್ತರಿ ಕಾಗದದ ಮೇಲೆ ಓಡುವ ಸದ್ದು ಕೇಳಿ ಸರ್ವಮಂಗಳಾ ಎದ್ದು ಕೂತಳು. ಬೀದಿಯ ನಾಯಿಗಳೂ ಮಲಗಿದ್ದ ಹೊತ್ತು. ಪಕ್ಕದಲ್ಲಿ ಗಂಡ ಶ್ರೀಕಂಠನಿಗೆ ಒಳ್ಳೆಯ ನಿದ್ದೆ. ಅವಳು ಅವನ ಭುಜ ಅಲುಗಿಸಿದಳು.

"ಮಾವ ಕಾಗದ ಕತ್ತರಿಸ್ತಿದಾರೆ."

"ಕತ್ತರಿಸ್ಲಿ ಬಿಡು. ರಿಟೈರ್ ಆದವರು."

"ಕತ್ತರಿಸ್ತಿದಾರೆ ಅಂದ್ರೆ ಹೊಸ ಕೊಂಬೆ ಅಂಟಿಸ್ತಾರೆ ಅಂತ. ಯಾರ ಮನೆಯೋ ಏನೋ."

"ಬೆಳಿಗ್ಗೆ ಅಮ್ಮ ಕೇಳ್ತಾಳೆ. ಮಲಕ್ಕೋ," ಎಂದು ಶ್ರೀಕಂಠ ಮಗ್ಗುಲು ಬದಲಿಸಿದ.

ಮಾವ ಬದರೀನಾರಾಯಣ ನಂಜನಗೂಡಿನ ತಾಲ್ಲೂಕು ಕಚೇರಿಯಲ್ಲಿ ಹಳೆಯ ದಫ್ತರ ನೋಡಿಕೊಳ್ಳುತ್ತಿದ್ದವರು. ನಿವೃತ್ತರಾದ ಮೇಲೆ ಸ್ವಂತ ವಂಶವೃಕ್ಷಕ್ಕೆ ಕೈಹಾಕಿದರು. ಇನಾಂ ರಿಜಿಸ್ಟರು, ಸರ್ವೆ ಪುಸ್ತಕ, ಹಳೆಯ ಲಗ್ನಪತ್ರಿಕೆ, ಎಲ್ಲೆಲ್ಲಿ ಹೆಸರು ಸಿಕ್ಕಿತೋ ಅಲ್ಲಲ್ಲಿಂದ ಎತ್ತಿ ಬರೆದರು. ಕೊಳ್ಳೇಗಾಲ, ಕನಕಪುರ, ಮಳವಳ್ಳಿಗಳಲ್ಲಿ ಇದೇ ಹುಚ್ಚಿನವರು ಸಿಕ್ಕಿದರು. ಅವರಿಗೂ ಇವರಿಗೂ ವಾರಕ್ಕೆ ಒಂದಾದರೂ ಕಾರ್ಡು. ಹಾಳೆಗೆ ಹಾಳೆ ಅಂಟಿಸಿ ವಂಶವೃಕ್ಷ ಈಗ ಜಮಖಾನೆಯಷ್ಟು ದೊಡ್ಡದಾಗಿತ್ತು.

ಬೆಳಿಗ್ಗೆ ಕಾಫಿ ಲೋಟ ಕೆಳಗಿಡುವ ಮೊದಲೇ ಅವರು ಹೇಳಿದರು. "ಅಂಬುಜಾ, ಇವತ್ತೊಂದು ಪಾಯಸ ಮಾಡು."

"ಯಾವ ಸಂತೋಷಕ್ಕೆ?" ಎಂದರು ಅತ್ತೆ ಅಂಬುಜಮ್ಮ.

"ನರಸೀಪುರದ ಅನಂತಪದ್ಮನಾಭ ನಮ್ಮ ದಾಯಾದಿ. ಖಚಿತ ಆಯ್ತು. ಮೂಗೂರಿಂದ ಹೊರಟವರು ಅಣ್ಣತಮ್ಮ ಇಬ್ಬರು. ಅಣ್ಣ ಇಲ್ಲಿಗೆ ಬಂದ, ತಮ್ಮ ನರಸೀಪುರಕ್ಕೆ ಹೋದ. ಎರಡು ವರ್ಷ ಒಂದೇ ಬೆಂಚಿನ ಮೇಲೆ ಕೂತು ದಫ್ತರ ನೋಡಿದೀವಿ, ಗೊತ್ತೇ ಆಗಿರಲಿಲ್ಲ ನೋಡು."

"ಎಷ್ಟನೇ ತಲೆಮಾರು?"

"ಆರು."

"ಏಳು ದಾಟಲಿಲ್ವಾ?"

"ಆರೇ. ಮೂರು ಸಲ ಎಣಿಸಿದೀನಿ," ಎಂದರು ಬದರೀನಾರಾಯಣ ಹೆಮ್ಮೆಯಿಂದ.

ಅಂಬುಜಮ್ಮ ಒಲೆಯ ಕಡೆ ತಿರುಗಿದರು. "ಅವರಿಗೆ ವಯಸ್ಸೆಷ್ಟು?"

"ನನಗಿಂತ ಸ್ವಲ್ಪ ಹಿರಿಯರು. ಯಾಕೆ?"

"ಉಬ್ಬಸ ಇದೆ ಅಂತಿದ್ರಿ."

"ಚಳಿಗಾಲದಲ್ಲಿ ಬರುತ್ತೆ. ಯಾಕೆ ಕೇಳ್ತೀಯ?"

"ಪಾಯಸ ಮಾಡ್ತೀನಿ ಬಿಡಿ. ಇನ್ನೆಷ್ಟು ಹಬ್ಬಕ್ಕೆ ಮಾಡೋ ಭಾಗ್ಯ ಇದೆಯೋ."

ಸರ್ವಮಂಗಳಾ ಬಾಗಿಲಲ್ಲೇ ನಿಂತು ಅತ್ತೆಯ ಮುಖ ನೋಡುತ್ತಿದ್ದಳು. ಆ ಮಾತು ತಮಾಷೆಯದಲ್ಲ ಎಂದು ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು. ಏಳು ತಲೆಮಾರಿನೊಳಗಿನ ದಾಯಾದಿ ಸತ್ತರೆ, ಸುದ್ದಿ ಕಿವಿಗೆ ಬಿದ್ದ ಮನೆಗೆಲ್ಲ ಹತ್ತು ದಿನದ ಸೂತಕ. ಮಗು ಹುಟ್ಟಿದರೂ ಹತ್ತು ದಿನ, ಅದಕ್ಕೆ ವೃದ್ಧಿ ಎಂದು ಹೆಸರು, ಅಷ್ಟೇ ವ್ಯತ್ಯಾಸ. ದೇವರ ಮನೆಯ ಬಾಗಿಲು ಮುಚ್ಚಬೇಕು, ಶುಭ ಕೆಲಸ ಏನೂ ಕೂಡದು. ಮೊದಲು ಈ ಮನೆಗೆ ಇದ್ದ ದಾಯಾದಿಗಳು ಮೈಸೂರಿನ ಎರಡು ಸಂಸಾರ ಮಾತ್ರ. ಮಾವನ ಹುಡುಕಾಟದ ಮೇಲೆ ಊರೂರಿಗೂ ಆದರು. ಅಷ್ಟು ಜನ ಇದ್ದ ಮೇಲೆ ಯಾರಾದರೂ ಸಾಯುತ್ತಾರೆ, ಯಾರಿಗಾದರೂ ಮಗುವಾಗುತ್ತದೆ. ಹೋದ ವರ್ಷ ಗೌರಿಹಬ್ಬ ಕೊಳ್ಳೇಗಾಲಕ್ಕೆ ಹೋಯಿತು, ನವರಾತ್ರಿ ಮಳವಳ್ಳಿಗೆ. ಹಾಲು ತರುವ ಪುಟ್ಟಮಾದಮ್ಮ ದೀಪಾವಳಿಯ ದಿನವೂ ಇವರು ಒಂದೇ ಪಾವು ಹಾಲು ಹಾಕಿಸಿಕೊಂಡಿದ್ದನ್ನು ಕಂಡು ಕೇಳಿದ್ದಳು, "ಇದೇನ್ರವ್ವಾ, ನಿಮ್ಮನೇಲಿ ಯಾವಾಗ್ಲೂ ಯಾರಾರ ಸತ್ತೇ ಇರ್ತಾರಲ್ಲ. ನೋಡೋಕೆ ಐದೇ ಜನ ಇದೀರಿ."

ಹಬ್ಬ ಹೋದರೆ ಹೋಗಲಿ. ಚಂಪಕನ ಮದುವೆ ಇತ್ತು.

ಚಂಪಕ ಶ್ರೀಕಂಠನ ತಂಗಿ. ಇಪ್ಪತ್ತೆಂಟು ದಾಟಿತ್ತು. ಜಾತಕ ಹೊಂದಿದ ಕಡೆ ವರದಕ್ಷಿಣೆ ಹೊಂದಲಿಲ್ಲ, ಅದು ಹೊಂದಿದ ಕಡೆ ಬಣ್ಣ ಸಾಲದು ಅಂದರು. ಒಂದು ಸಲ ಹುಡುಗನ ಕಡೆಯವರು ಹೆಣ್ಣು ನೋಡಲು ಬಸ್ಸಿಳಿದು ಬಾಗಿಲಿಗೆ ಬಂದಾಗ, ಬೆಳಗಿನ ಟಪಾಲಿನಲ್ಲಿ ಕೊಳ್ಳೇಗಾಲದ ಸಾವಿನ ಸುದ್ದಿ ಬಂದಿದೆ ಎಂದು ಶ್ರೀಕಂಠ ಜಗುಲಿಯ ಮೇಲೇ ಕೈಮುಗಿದು ವಾಪಸ್ಸು ಕಳಿಸಿದ್ದ. ಅವರು ಮತ್ತೆ ಬರಲಿಲ್ಲ. ಆ ಸಂಜೆ ಚಂಪಕ ಅಪ್ಪನಿಗೆ ಅನ್ನ ಬಡಿಸುತ್ತಾ ಹೇಳಿದ್ದಳು, "ನೀವು ಸಂಬಂಧ ಹುಡುಕಿ ಹುಡುಕಿ ನನಗೆ ಬರೋ ಸಂಬಂಧ ತಪ್ಪಿಸ್ತಿದೀರಿ ಅಪ್ಪ."

ಬದರೀನಾರಾಯಣ ಆ ಹೊತ್ತು ಮಜ್ಜಿಗೆ ಅನ್ನ ಬೇಡವೆಂದು ಎದ್ದಿದ್ದರು.

ಈ ಸಲ ಮೈಸೂರಿನ ಸಂಬಂಧ ಕೂಡಿಬಂದಿತ್ತು. ಹುಡುಗ ಶಿವಮೊಗ್ಗದಲ್ಲಿ ಜೀವವಿಮಾ ಕಚೇರಿಯಲ್ಲಿದ್ದ. ವೈಶಾಖಕ್ಕೆ ಲಗ್ನ ಎಂದಾಯಿತು, ಪತ್ರಿಕೆ ಅಚ್ಚಾಯಿತು. ಅಷ್ಟರಲ್ಲಿ ಕನಕಪುರದ ಹೊಸ ದಾಯಾದಿ ಸಂತೋಷದಿಂದ ಕಾರ್ಡು ಬರೆದರು: ಮೊಮ್ಮಗ ಹುಟ್ಟಿದ್ದಾನೆ, ವಂಶವೃಕ್ಷಕ್ಕೆ ಸೇರಿಸಿಕೊಳ್ಳಿ. ಲಗ್ನ ಜ್ಯೇಷ್ಠದ ಕೊನೆಗೆ ಹೋಯಿತು.

ಹುಡುಗನ ತಂದೆ ಖುದ್ದಾಗಿ ಬಂದು ಜಗುಲಿಯ ಮೇಲೆ ಕೂತರು. ಕಾಫಿ ಕುಡಿದರು. ಆಮೇಲೆ ಹೇಳಿದರು, "ಒಂದು ಸಲ ಮುಂದಕ್ಕೆ ಹೋಯ್ತು, ಸರಿ. ಇನ್ನೊಂದು ಸಲ ಹೋದ್ರೆ ಆಷಾಢ ಬರುತ್ತೆ. ನಮ್ಮಮ್ಮ ಆಗಲೇ ಅಪಶಕುನ ಅಂತಿದಾರೆ. ಆಮೇಲೆ ನಮ್ಮನ್ನ ಕೇಳಬೇಡಿ."

"ಆಗಲ್ಲ, ಹಾಗಾಗಲ್ಲ," ಎಂದರು ಬದರೀನಾರಾಯಣ.

ಅವರು ಹೋದ ಮೇಲೆ ಪುರೋಹಿತರನ್ನು ಕೇಳಿದ್ದಾಯಿತು. ಅವರು ಅಡಿಕೆ ಅಗಿಯುತ್ತಾ ಹೇಳಿದರು, "ಮದುವೆ ಹಿಂದಿನ ದಿನ ಬೆಳಿಗ್ಗೆ ನಾಂದಿ ಇಡ್ತೀವಲ್ಲ, ಅಲ್ಲೀತನಕ ನಿಮ್ಮ ಕಿವಿಗೆ ಏನೂ ಬೀಳಬಾರದು. ನಾಂದಿ ಆದ್ಮೇಲೆ ಯಾರು ಹೋದ್ರೂ ಮದುವೆಗೆ ತಟ್ಟಲ್ಲ. ಶಾಸ್ತ್ರಾನೇ ಹಾಗಿದೆ."

ಅಂದಿನಿಂದ ಅಂಬುಜಮ್ಮ ಮನೆಯ ಆಡಳಿತ ಕೈಗೆ ತೆಗೆದುಕೊಂಡರು. ಟಪಾಲನ್ನು ಮನೆಗೆ ತರಬೇಡಿ, ಶ್ರೀಕಂಠನ ಕೈಗೆ ಅವನು ಕೆಲಸ ಮಾಡುವ ಸೊಸೈಟಿಯಲ್ಲೇ ಕೊಡಿ ಎಂದು ಅಂಚೆಯವನಿಗೆ ಹೇಳಿದರು. ಶ್ರೀಕಂಠ ಅದನ್ನು ಒಡೆಯದೆ ಮೇಜಿನ ಖಾನೆಗೆ ಹಾಕಿ ಬೀಗ ಹಾಕಬೇಕು. ಹೊಸ ಊರು, ಹೊಸ ಹೆಸರು ಕೂಡದು. ಅಂಟು, ಕತ್ತರಿ, ಮಸಿ ಎಲ್ಲ ಹಪ್ಪಳದ ಡಬ್ಬಿಯ ಹಿಂದೆ ಅಡಗಿದವು.

ಆದರೆ ಅನಂತಪದ್ಮನಾಭರ ವಿಷಯ ಡಬ್ಬಿಯ ಹಿಂದೆ ಇಡುವಂಥದಲ್ಲ. ಸರ್ವಮಂಗಳಾ ತಿ. ನರಸೀಪುರದ ಹೆಣ್ಣುಮಕ್ಕಳ ಶಾಲೆಯೊಂದರಲ್ಲಿ ಟೀಚರಾಗಿದ್ದಳು. ಬೆಳಗಿನ ಬಸ್ಸಿಗೆ ಹೋಗಿ ಸಂಜೆ ಬರುತ್ತಿದ್ದಳು. ಎರಡು ವರ್ಷದಿಂದ ಇಬ್ಬರು ಮುದುಕರ ಕಾಗದಪತ್ರ ಅವಳ ಚೀಲದಲ್ಲೇ ಓಡಾಡಿದ್ದವು. ಬಸ್ ಸ್ಟ್ಯಾಂಡಿನಿಂದ ಶಾಲೆಗೆ ಹೋಗುವ ದಾರಿಯಲ್ಲೇ ಅವರ ಮನೆ. ಬದನವಾಳಿನ ಖಾದಿ ಜುಬ್ಬ ಹಾಕಿಕೊಂಡು ಅವರು ಜಗುಲಿಯ ಮೇಲೆ ಕಾದಿರುತ್ತಿದ್ದರು. ದಾಯಾದಿ ಎಂದು ಖಚಿತವಾದ ದಿನ ಅವರೂ ಹೆಂಡತಿ ಜಲಜಮ್ಮನೂ ನಂಜನಗೂಡಿಗೆ ಬಂದು ಪಾಯಸ ಉಂಡು ಹೋಗಿದ್ದರು. ಎಲೆಯ ಮುಂದೆ ಕೂತು ಅವರು, "ಬದರಿ, ಇನ್ಮೇಲೆ ನಾನು ಹೋದ್ರೆ ನಿನಗೆ ಹತ್ತು ದಿನ ರಜ ಕಣಯ್ಯ," ಎಂದಿದ್ದರು. ಬದರೀನಾರಾಯಣ ನಕ್ಕಿದ್ದರು. ಅಂಬುಜಮ್ಮ ತುಪ್ಪ ಬಡಿಸಿ ಒಳಗೆ ಹೋಗಿದ್ದರು.

ಮೇ ಕೊನೆಗೆ, ಬೇಸಿಗೆ ರಜ ಮುಗಿದು ಶಾಲೆ ತೆರೆದ ವಾರವೇ, ಅವರ ಉಬ್ಬಸ ಎದೆಗೆ ಇಳಿಯಿತು. ಡಾಕ್ಟರು ಬಂದು ಸೂಜಿ ಹಾಕಿ ಹೋದರು. ಸುದ್ದಿಯನ್ನು ಸರ್ವಮಂಗಳಾನೇ ತಂದಳು.

"ನಾನು ಹೋಗಿ ನೋಡ್ಕೊಂಡು ಬರ್ತೀನಿ," ಎಂದು ಬದರೀನಾರಾಯಣ ಕೋಟು ತೆಗೆದರು.

"ಕೋಟು ಅಲ್ಲೇ ಇಡಿ," ಎಂದರು ಅಂಬುಜಮ್ಮ.

"ಕಾಯಿಲೆ ಮನುಷ್ಯನ್ನ ನೋಡೋಕೂ ಬೇಡವಾ?"

"ನೀವು ಅಲ್ಲಿ ಕೂತಿರೋವಾಗ ಏನಾದ್ರೂ ಆದ್ರೆ? ಕಣ್ಣಾರೆ ನೋಡಿ ಬಂದು ನೋಡಿಲ್ಲ ಅಂತೀರಾ? ನಿಮ್ಮ ಬಾಯಲ್ಲಿ ಸುಳ್ಳು ಬರುತ್ತಾ?"

ಅವರು ಕೋಟನ್ನು ತೋಳಿನ ಮೇಲೆ ಹಾಕಿಕೊಂಡೇ ನಿಂತರು.

"ಇನ್ನೊಂದು ದಾರಿ ಇದೆ," ಎಂದರು ಅಂಬುಜಮ್ಮ. "ಆ ಕೊಂಬೆ ಕಿತ್ತುಹಾಕಿ. ಲೆಕ್ಕ ತಪ್ಪಿತ್ತು, ಅವರು ಬೇರೆ ಇವರು ಬೇರೆ ಅಂತ ಬರೀರಿ. ಆಮೇಲೆ ಹೋಗಿ ಹತ್ತು ದಿನ ಅಲ್ಲೇ ಇರಿ, ಯಾರು ಬೇಡ ಅಂತಾರೆ?"

"ಇದ್ದದ್ದನ್ನ ಇಲ್ಲ ಅಂತ ಬರೀಲಾ?"

"ಇಲ್ಲದ್ದನ್ನ ಹುಡುಕಿ ತಂದವರು ನೀವೇ ತಾನೆ?"

"ನಾನು ತಂದಿದ್ದಲ್ಲ, ಇತ್ತು. ಆರು ತಲೆಮಾರಿಂದ ಇತ್ತು," ಎಂದರು ಬದರೀನಾರಾಯಣ. "ಅಂಬುಜಾ, ಮೂವತ್ತು ವರ್ಷ ದಫ್ತರ ನೋಡ್ಕೊಂಡಿದ್ದೆ. ಸಾಹುಕಾರರು ಬಂದು ಕೂತು ಒಂದು ಹೆಸರು ಅಳಿಸಿ ಅಂದ್ರು. ಅಳಿಸಲಿಲ್ಲ. ಈಗ ಮನೇಲಿ ಅಳಿಸಲಾ?"

ಒಳಗಿನಿಂದ ಚಂಪಕ ಬಂದಳು. ಕೈಗೆಲ್ಲ ಹಿಟ್ಟು. "ಅಳಿಸಬೇಡಿ ಬಿಡಿ ಅಪ್ಪ. ನನ್ನ ಹೆಸರು ಹೇಗಿದ್ರೂ ಅದರಲ್ಲಿ ಇಲ್ಲವಲ್ಲ. ಹೆಣ್ಣುಮಕ್ಕಳನ್ನ ಬರೆಯೋಲ್ಲ ತಾನೆ ನೀವು."

ಬದರೀನಾರಾಯಣ ಕೋಟನ್ನು ಮೊಳೆಗೆ ಸಿಕ್ಕಿಸಿ ಬಂದರು. "ಹೋಗಲ್ಲ," ಎಂದರು. "ಮದುವೆ ಆಗೋತನಕ ಹೋಗಲ್ಲ. ಸರ್ವಮಂಗಳಾ, ದಿನಾ ನೀನೇ ಒಂದು ಸಲ ಹೋಗಿ ನೋಡಿ ಬಂದು ಹೇಳಮ್ಮ."

"ಅವಳೂ ಈ ಮನೆಯವಳೇ," ಎಂದರು ಅಂಬುಜಮ್ಮ.

"ಶಾಲೆ ಅಲ್ಲೇ ಇದೆ ಅತ್ತೆ. ಬಸ್ಸಿಳಿದ್ರೆ ಅವರ ಮನೆ. ನಾನು ನೋಡ್ಕೋತೀನಿ," ಎಂದಳು ಸರ್ವಮಂಗಳಾ.

ಅವಳು ನೋಡಿಕೊಂಡಳು. ಹೋದಾಗಲೆಲ್ಲ ಮಾವ ಕೊಟ್ಟ ರಸಬಾಳೆಯೋ, ಅತ್ತೆ ಕುಟ್ಟಿದ ಮೆಣಸಿನ ಪುಡಿಯೋ ಚೀಲದಲ್ಲಿರುತ್ತಿತ್ತು. ಅಂಬುಜಮ್ಮ ಬೈಯುತ್ತಲೇ ಪುಡಿ ಕುಟ್ಟುತ್ತಿದ್ದರು. ಅನಂತಪದ್ಮನಾಭರು ದಿಂಬಿಗೆ ಒರಗಿ ಮದುವೆಯ ಸಿದ್ಧತೆ ಕೇಳುತ್ತಿದ್ದರು. ಜೂನಿನ ಒಂದು ಬೆಳಿಗ್ಗೆ ಹೇಳಿದರು, "ನಿಮ್ಮತ್ತೆಗೆ ಹೇಳಮ್ಮ, ಹೆದರಬೇಡಿ ಅಂತ. ನಾಂದಿ ಆಗೋ ತನಕ ನಾನು ಗಟ್ಟಿಯಾಗಿರ್ತೀನಿ."

ಅದನ್ನು ಕೇಳಿ ಅಂಬುಜಮ್ಮ ಸೆರಗಿನಿಂದ ಮುಖ ಒರೆಸಿಕೊಂಡರು. "ನಾನು ಅವರ ಸಾವನ್ನ ಎಣಿಸ್ತಾ ಕೂತಿದೀನಿ ಅಂದ್ಕೊಂಡಿದಾರೇನೋ."

"ಹಾಗಂದ್ಕೊಂಡಿಲ್ಲ ಅತ್ತೆ. ನಗ್ತಾನೇ ಹೇಳಿದ್ರು."

ಬುಧವಾರ ಬಂತು. ಗುರುವಾರ ಬೆಳಿಗ್ಗೆ ನಾಂದಿ, ಶುಕ್ರವಾರ ಧಾರೆ. ರಜದ ಅರ್ಜಿಗೆ ಸಹಿ ಹಾಕಿ ಮಧ್ಯಾಹ್ನದೊಳಗೆ ಬರುತ್ತೇನೆಂದು ಸರ್ವಮಂಗಳಾ ಬೆಳಗಿನ ಬಸ್ಸು ಹತ್ತಿದಳು. ಧಾರೆಯ ಹೊತ್ತಿಗೆ ಕಳಶಗನ್ನಡಿ ಹಿಡಿದು ಚಂಪಕನ ಪಕ್ಕ ನಿಲ್ಲಬೇಕಾದವಳು ಅವಳೇ. ಅದಕ್ಕೆಂದು ಶ್ರೀಕಂಠ ನೇರಳೆ ಬಣ್ಣದ ರೇಷ್ಮೆ ಸೀರೆ ತಂದಿದ್ದ.

ಅನಂತಪದ್ಮನಾಭರ ಮನೆಯ ಮುಂದೆ ಬೆರಣಿಯ ಬೆಂಕಿ ಹೊಗೆಯಾಡುತ್ತಿತ್ತು. ಬೀದಿಯ ಗಂಡಸರು ಹಸಿ ಬಿದಿರು ಸೀಳುತ್ತಿದ್ದರು. ಸರ್ವಮಂಗಳಾ ಅಲ್ಲೇ ನಿಂತಳು. ಇನ್ನೂ ಯಾರೂ ಏನೂ ಹೇಳಿರಲಿಲ್ಲ. ಹಿಂದಕ್ಕೆ ತಿರುಗಿ ಇನ್ನೊಂದು ಬೀದಿಯಿಂದ ಶಾಲೆಗೆ ಹೋಗಬಹುದಿತ್ತು. ಜಲಜಮ್ಮ ಬಾಗಿಲಲ್ಲಿ ಕೂತಿದ್ದರು. ಅವರು ತಲೆ ಎತ್ತಿ ನೋಡಿದರು. ಸರ್ವಮಂಗಳಾ ಹತ್ತಿರ ಹೋದಳು.

"ಯಾಕಮ್ಮ ಬಂದೆ ಇವತ್ತು?" ಎಂದರು ಜಲಜಮ್ಮ. ಅತ್ತು ಅತ್ತು ದನಿ ಕಟ್ಟಿತ್ತು. "ನಿನಗೆ ರಜ ಅಂತ ಅಂದ್ಕೊಂಡಿದ್ದೆ. ಬೆಳಗಿನ ಜಾವ ಹೋದ್ರು. ಮೈಸೂರಿಗೆ ಹೇಳಿಕಳಿಸಿದೆ, ಮಗ ಬರ್ತಿದಾನೆ. ಎಲ್ಲಾ ಕಡೆ ಹೇಳಿಸಿದೆ, ನಂಜನಗೂಡಿಗೆ ಮಾತ್ರ ಹೇಳಿಸಲಿಲ್ಲ. ರಾತ್ರಿ ಇವರೇ ಕೈ ಹಿಡ್ಕೊಂಡು ಹೇಳಿದ್ರು, ಬದರಿಗೆ ಮದುವೆ ಮುಗಿಯೋ ತನಕ ತಿಳಿಸಬೇಡ ಅಂತ."

"ನಾನು ಬಂದೇ ಇಲ್ಲ ಅಂದ್ಕೊಳ್ಳಿ."

"ಹೇಗೆ ಅಂದ್ಕೊಳ್ಳಲಿ, ಎದುರಿಗೆ ನಿಂತಿದೀಯ."

ಸರ್ವಮಂಗಳಾ ಒಳಗೆ ಹೋಗಿ ನಮಸ್ಕಾರ ಮಾಡಿ ಬಂದಳು. ಮಾವನ ಬದಲು ಎಂದು ಇನ್ನೊಂದು ಸಲ ಮಾಡಿದಳು. ಹೊರಡುವಾಗ ಜಲಜಮ್ಮ ಕೇಳಿದರು, "ಹೇಗೆ ಇಟ್ಕೋತೀಯಮ್ಮ ಹೊಟ್ಟೇಲಿ?"

"ಇಟ್ಕೋತೀನಿ," ಎಂದಳು.

ಬಸ್ಸಿನಲ್ಲಿ ಅವಳು ಕಿಟಕಿಯ ಕಡೆ ಮುಖ ಮಾಡಿ ಕೂತಳು. ಸುಮ್ಮನಿರುವುದು ಕಷ್ಟವಲ್ಲ. ಆದರೆ ಸೂತಕದ ಮೈಯಲ್ಲಿ ನಾಂದಿಯ ಅಕ್ಕಿ ಮುಟ್ಟುವುದು, ಕಳಶ ಹಿಡಿಯುವುದು? ನಾಳೆ ಚಂಪಕನಿಗೆ ಒಂದು ತಲೆನೋವು ಬಂದರೂ ಅದು ತನ್ನಿಂದಲೇ ಎಂದು ಅವಳಿಗೆ ಅನ್ನಿಸುತ್ತದೆ. ಕಪಿಲೆಯ ಸೇತುವೆ ಬರುವ ಹೊತ್ತಿಗೆ ಅವಳು ನಿರ್ಧಾರ ಮಾಡಿದ್ದಳು.

ಮುಂಬಾಗಿಲಿಗೆ ಹೋಗದೆ ಹಿತ್ತಲಿನಿಂದ ಬಂದು ಬಾವಿಯ ಹತ್ತಿರ ನಿಂತು ಕರೆದಳು. "ಅತ್ತೆ, ನಾನು ಹೊರಗಾಗಿದೀನಿ."

ಅಂಬುಜಮ್ಮ ಚಕ್ಕುಲಿ ಒರಳು ಹಿಡಿದೇ ಬಂದರು. ಮುಟ್ಟಾದ ಹೆಂಗಸು ಮೂರು ದಿನ ಹಿತ್ತಲ ಕೋಣೆ ಬಿಟ್ಟು ಬರುವಂತಿಲ್ಲ. "ಈಗಲಾ? ನಾಳೆ ನಾಂದಿ ಇಟ್ಕೊಂಡು ಈಗಲಾ? ಓದಿದೋಳು ನೀನು, ಒಂದು ಲೆಕ್ಕ ಇಟ್ಕೊಳ್ಳೋಕಾಗಲ್ವಾ?"

"ತಪ್ಪಾಯ್ತು ಅತ್ತೆ."

ಚಂಪಕ ಅಡಿಗೆಮನೆ ಕಿಟಕಿಯಿಂದ ನೋಡಿದಳು. "ಕಳಶಗನ್ನಡಿ ಯಾರು ಹಿಡೀತಾರೆ ಅತ್ತಿಗೆ? ನೀವು ಪಕ್ಕದಲ್ಲಿ ಇಲ್ದೆ ನಾನು ಹೇಗೆ ನಿಲ್ಲಲಿ?"

"ನಿಮ್ಮ ಚಿಕ್ಕಮ್ಮ ಇದಾರಲ್ಲ. ಅವರ ಕೈಲಿ ಕೊಡು. ನೀನು ನೆಟ್ಟಗೆ ನಿಂತ್ಕೋ, ಸಾಕು."

ಚಂಪಕ ಕಿಟಕಿ ಮುಚ್ಚಿದಳು. ಸದ್ದು ಮಾಡಿಯೇ ಮುಚ್ಚಿದಳು.

ಆಮೇಲೆ ಬದರೀನಾರಾಯಣ ಹಿತ್ತಲ ಬಾಗಿಲಿಗೆ ಬಂದು ದೂರದಲ್ಲೇ ನಿಂತರು. "ಅನಂತಪದ್ಮನಾಭ ಹೇಗಿದಾರಮ್ಮ?"

ಸರ್ವಮಂಗಳಾ ಚಾಪೆಯ ಮೇಲಿಂದ ಎದ್ದು ನಿಂತಳು. "ಉಬ್ಬಸ ಇಲ್ಲ ಮಾವ. ನೆಮ್ಮದಿಯಾಗಿ ಮಲಗಿದಾರೆ."

"ಮಾತಾಡಿದ್ರಾ?"

"ಎಬ್ಬಿಸಲಿಲ್ಲ ನಾನು. ಜಲಜಮ್ಮನೋರ ಜೊತೆ ಮಾತಾಡಿದೆ. ಮದುವೆ ಚೆನ್ನಾಗಿ ಆಗಲಿ ಅಂತ ನಿಮಗೆ ಹೇಳೋಕೆ ಹೇಳಿದಾರಂತೆ."

"ಒಳ್ಳೇದು, ಒಳ್ಳೇದು. ಧಾರೆ ಎರೆದು, ಮದುಮಕ್ಕಳನ್ನ ಕಳಿಸಿ, ಸೋಮವಾರ ಬೆಳಿಗ್ಗೇನೇ ಹೋಗ್ತೀನಿ. ಲಾಡು ತಗೊಂಡು ಹೋಗ್ತೀನಿ," ಎನ್ನುತ್ತಾ ಅವರು ಚಪ್ಪರದ ಕಡೆ ಹೋದರು.

ಸಂಜೆ ಅಂಬುಜಮ್ಮ ಅವಳಿಗೆ ಊಟ ತಂದರು. ಎಲೆಯನ್ನು ಕಲ್ಲಿನ ಮೇಲಿಟ್ಟು ಹಿಂದೆ ಸರಿದರು, ಆದರೆ ಹೋಗಲಿಲ್ಲ. ಬೆರಳು ಮಡಿಚಿ ಎಣಿಸಿದರು. "ಹುಣ್ಣಿಮೆ ಕಳೆದ ಮೇಲೆ ತಾನೆ ನೀನು ಹೊರಗೆ ಕೂತಿದ್ದಿದ್ದು? ಇನ್ನೂ ಅಮಾವಾಸ್ಯೇನೂ ಆಗಿಲ್ಲ. ನಿನ್ನ ದಿನ ನೋಡ್ಕೊಂಡೇ ನಾನು ಈ ಮುಹೂರ್ತಕ್ಕೆ ಹ್ಞೂಂ ಅಂದಿದ್ದು."

ಸರ್ವಮಂಗಳಾ ಎಲೆಯ ಮುಂದೆ ಕೂತಳು. ಹುಳಿಯ ಬಿಸಿ ಮುಖಕ್ಕೆ ಬಡಿಯಿತು. "ಒಂದೊಂದು ಸಲ ಹೆಚ್ಚುಕಡಿಮೆ ಆಗುತ್ತೆ ಅತ್ತೆ."

"ನಿನಗೆ ಆಗಿದ್ದು ನಾನು ನೋಡಿಲ್ಲ." ಅಂಬುಜಮ್ಮನ ಕಣ್ಣು ಸೊಸೆಯ ಮುಖದ ಮೇಲೇ ಇತ್ತು. "ಇವತ್ತು ನರಸೀಪುರದಲ್ಲಿ..."

"ಅತ್ತೆ, ಕೇಳಬೇಡಿ."

ಅಂಬುಜಮ್ಮ ಬಾವಿಯ ಕಟ್ಟೆಯ ಮೇಲೆ ಕೂತರು. ಚಪ್ಪರದವರು ಬಾಳೆಕಂದು ಎಳೆಯುತ್ತಿದ್ದರು, ಬದರೀನಾರಾಯಣ ಎತ್ತರ ಸಾಲದು ಅನ್ನುತ್ತಿದ್ದರು.

"ನಾನೇನೂ ಕೇಳಲಿಲ್ಲ, ನೀನೇನೂ ಹೇಳಲಿಲ್ಲ," ಎಂದರು ಕಡೆಗೆ. "ಅನ್ನ ಕಲಸ್ಕೋ, ಆರುತ್ತೆ." ಒಳಗೆ ಹೋಗಿ ಬಂದರು. ಎರಡು ಹೋಳಿಗೆ, ಮೇಲೆ ತುಪ್ಪ. ಹೊರಗೆ ಕೂತವಳಿಗೆ ಮದುವೆಯ ಭಕ್ಷ್ಯವನ್ನು ದೇವರಿಗಿಂತ ಮೊದಲು ಕೊಟ್ಟದ್ದನ್ನು ಯಾರಾದರೂ ನೋಡುತ್ತಾರೇನೋ ಎಂದು ಹಿಂದೆ ತಿರುಗಿ ನೋಡಿದರು.

ನಾಂದಿಯಾಯಿತು. ಶುಕ್ರವಾರ ಛತ್ರದಲ್ಲಿ ಧಾರೆಯಾಯಿತು. ಸರ್ವಮಂಗಳಾ ಹಿತ್ತಲ ಕೋಣೆಯಲ್ಲಿ ಕೂತು ಛತ್ರದ ಕಡೆಯಿಂದ ಬಂದ ಓಲಗ ಕೇಳಿದಳು. ಗಟ್ಟಿಮೇಳ ಎದ್ದಾಗ ಎದ್ದು ನಿಂತಳು, ಮುಗಿದ ಮೇಲೆ ಕೂತಳು. ನೇರಳೆ ಸೀರೆಯನ್ನು ಚಿಕ್ಕಮ್ಮ ಉಟ್ಟಿದ್ದರಂತೆ. ಹೊರಡುವ ಮೊದಲು ಚಂಪಕ ಹಿತ್ತಲಿಗೆ ಬಂದಳು. ಮುಟ್ಟುವಂತಿಲ್ಲ ಎಂದು ದೂರ ನಿಂತೇ ಅತ್ತಳು, ಆಮೇಲೆ ನಕ್ಕಳು. "ಅತ್ತಿಗೆ, ನಿಮ್ಮ ಮೇಲೆ ಇನ್ನೂ ಕೋಪ ಇದೆ."

"ಇರಲಿ. ಶಿವಮೊಗ್ಗದಿಂದ ಕಾಗದ ಬರಿ, ಅದರಲ್ಲಿ ಬೈ."

ಸೋಮವಾರ ಬೆಳಿಗ್ಗೆ ಬದರೀನಾರಾಯಣ ಲಾಡಿನ ಪೊಟ್ಟಣ ಕಟ್ಟಿಕೊಂಡು ಕೋಟು ಹಾಕಿಕೊಳ್ಳುತ್ತಿದ್ದಾಗ ಜಲಜಮ್ಮ ಕಳಿಸಿದ ಆಳು ಶಿವಣ್ಣ ಬಾಗಿಲಿಗೆ ಬಂದ. "ಬುದುವಾರ ಓಗ್ಬುಟ್ರು ಸಾ, ನಮ್ ಅಯ್ನೋರು. ಮದ್ವೆ ಮುಗುದ್ಮೇಲೆ ಯೋಳು ಅಂದಿದ್ರು ಅಮ್ಮೋರು," ಎಂದಷ್ಟೇ ಹೇಳಿ, ನೀರು ಕುಡಿದು ಹೋದ.

ಬದರೀನಾರಾಯಣ ಲಾಡಿನ ಪೊಟ್ಟಣ ಕೆಳಗಿಟ್ಟು ಕೋಟು ಬಿಚ್ಚಿದರು. ಆಮೇಲೆ ಸ್ನಾನ ಮಾಡಿ ಬಂದು, ಉಳಿದ ದಿನಗಳ ಸೂತಕ ಎಣಿಸಿ ಹೇಳಿದರು. ದೇವರ ಮನೆಯ ಬಾಗಿಲನ್ನು ತಾವೇ ಮುಚ್ಚಿದರು. ಯಾರನ್ನೂ ಬೈಯಲಿಲ್ಲ. "ಮುಖ ನೋಡೋಕಾಗಲಿಲ್ಲ," ಎಂದು ಮಾತ್ರ ಅಂದರು. ಮಧ್ಯಾಹ್ನ ವಂಶವೃಕ್ಷ ಹಾಸಿ ಕೂತು ಸೊಸೆಯನ್ನು ಕರೆದರು.

"ನೀನು ಹೋಗಿದ್ದಾಗ ಮಲಗಿದ್ರು ಅಂದೆ. ಹಾಗಾದ್ರೆ ನೀನು ಬಂದ ಮೇಲೆ ಆಗಿರಬೇಕು. ಸಂಜೆ ಅಂತ ಬರೀಲಾ?"

ಅಂಬುಜಮ್ಮ ಮೂಲೆಯಲ್ಲಿ ಅಕ್ಕಿ ಆರಿಸುತ್ತಿದ್ದರು. ಮೊರ ನಿಂತಿತು.

ಒಂದು ಹೆಸರನ್ನೂ ಅಳಿಸದವರು, ಒಂದು ತಪ್ಪನ್ನೂ ಬರೆಯದವರು ಲೇಖನಿ ಹಿಡಿದು ಕಾಯುತ್ತಿದ್ದರು. ಸರ್ವಮಂಗಳಾ ಅವರ ಬೆರಳನ್ನು ನೋಡಿದಳು. ಈಗ ಹೇಳಿದರೆ ಮದುವೆಗೆ ಏನೂ ಆಗುವುದಿಲ್ಲ, ಅದು ಮುಗಿದಿದೆ. ಆದರೆ ಬುಧವಾರ ಮಧ್ಯಾಹ್ನ ಹೋಗಿದ್ದರೆ ಗೆಳೆಯನ ಮುಖ ಸಿಗುತ್ತಿತ್ತು ಎಂದು ಅವರಿಗೆ ತಿಳಿಯುತ್ತದೆ. ಅದನ್ನು ತಾನು ತಪ್ಪಿಸಿದ್ದಳು. ಮತ್ತೆ ಅಂಥ ದಿನ ಬಂದರೆ ಮತ್ತೆ ತಪ್ಪಿಸುತ್ತಾಳೆ.

"ನನಗೆ ಗೊತ್ತಿಲ್ಲ ಮಾವ," ಎಂದಳು.

"ಸಂಜೆ," ಎಂದು ಅವರು ಬರೆದು, ಮಸಿ ಆರಲೆಂದು ಊದಿದರು.

ಮೊರ ಮತ್ತೆ ಆಡತೊಡಗಿತು. ಸರ್ವಮಂಗಳಾ ಅತ್ತೆಯ ಎದುರು ಕೂತು ಒಂದು ಹಿಡಿ ಅಕ್ಕಿ ತನ್ನ ಕಡೆ ಎಳೆದುಕೊಂಡಳು. ಇದನ್ನು ಯಾರಿಗೂ ಹೇಳುವುದಿಲ್ಲ ಎಂದುಕೊಂಡಳು. ಶ್ರೀಕಂಠನಿಗೂ ಇಲ್ಲ, ಚಂಪಕನಿಗಂತೂ ಎಂದಿಗೂ ಇಲ್ಲ.